ಇನ್ನೊಂದ್ ಕಿತ

ಬೆಳಿಗ್ಗೆ ಹತ್ತೂಕಾಲು ಗಂಟೆ. ಮಾದಗೌಡನಕೊಪ್ಪಲಿನ ಸರ್ಕಾರಿ ಶಾಲೆಯ ಐದನೆಯ ತರಗತಿಯಲ್ಲಿ ಮೂವತ್ತೊಂದು ಮಂದಿ ಒಟ್ಟಿಗೇ ಪಾಠ ಹೇಳುತ್ತಿದ್ದರು. ಆದರೂ ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಮತ್ತೇನೂ ಕೇಳಿಸುತ್ತಿರಲಿಲ್ಲ. ಪ್ರತಿ ಮಗುವಿನ ಕಿವಿಯ ಹಿಂದೆ ಹುಣಸೆಬೀಜದಷ್ಟು ಗಾತ್ರದ ಒಂದು ಕಿವಿಗುಂಡಿ, ಡೆಸ್ಕಿನ ಮೇಲೆ ಒಂದು ಅರಿವುಹಲಗೆ. ಪಲ್ಲವಿಗೆ ಅವಳ ಅಜ್ಜಿ ಭಿನ್ನರಾಶಿ ಹೇಳಿಕೊಡುತ್ತಿದ್ದಳು, ಸುಹಾಸನಿಗೆ ಅವನ ಸೋದರಮಾವ. ನಿಜವಾದ ಅಜ್ಜಿ ಆ ಹೊತ್ತಿನಲ್ಲಿ ಮನೆಯ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ನಿಜವಾದ ಸೋದರಮಾವ ಸಕ್ಕರೆ ಕಾರ್ಖಾನೆಯ ಗೇಟಿನಲ್ಲಿ ಕಬ್ಬಿನ ಟ್ರಾಕ್ಟರು ನಿಲ್ಲಿಸಿಕೊಂಡು ಸರದಿ ಕಾಯುತ್ತಿದ್ದ. ಭಿನ್ನರಾಶಿ ಎಂದರೇನೆಂದು ಇಬ್ಬರಿಗೂ ಗೊತ್ತಿರಲಿಲ್ಲ.

ಈ ವ್ಯವಸ್ಥೆಯ ಹೆಸರು ಆಪ್ತದನಿ ಬೋಧಕ. ಮಗು ತಾನು ನಂಬುವ ದನಿಯಲ್ಲಿ ಹೇಳಿದ್ದನ್ನು ಬೇಗ ಹಿಡಿಯುತ್ತದೆ, ಬಹುಕಾಲ ನೆನಪಿಟ್ಟುಕೊಳ್ಳುತ್ತದೆ ಎಂಬುದು ಇದರ ಹಿಂದಿನ ಸಂಶೋಧನೆ. ಮನೆಯವರೊಬ್ಬರು ಅರ್ಧ ಗಂಟೆ ಮಾತಾಡಿದರೆ ಸಾಕು, ಯಂತ್ರ ಅವರ ದನಿಯನ್ನೂ ಮಾತಿನ ವರಸೆಯನ್ನೂ ಕಲಿತುಬಿಡುತ್ತದೆ. ಆಮೇಲೆ ಇಡೀ ಪಠ್ಯವನ್ನು ಆ ದನಿಯಲ್ಲೇ ಹೇಳುತ್ತದೆ. ಅರಿವುಹಲಗೆ ಮಗುವಿನ ಕಣ್ಣಪಾಪೆಯನ್ನು ಗಮನಿಸುತ್ತದೆ, ಬೆರಳು ಎಲ್ಲಿ ತಡವರಿಸಿತೆಂದು ನೋಡುತ್ತದೆ, ಅದರಿಂದಲೂ ಬರೆದ ಉತ್ತರದಿಂದಲೂ ಗ್ರಹಿಕೆ ಸೂಚ್ಯಂಕ ಲೆಕ್ಕ ಹಾಕುತ್ತದೆ. ಹಲಗೆಯ ಮೂಲೆಯಲ್ಲಿ ಒಂದು ಪುಟ್ಟ ದೀಪ. ಮಗುವಿಗೆ ಅರ್ಥವಾಗಿದ್ದರೆ ನೀಲಿ, ಅರೆಬರೆಯಾಗಿದ್ದರೆ ಹಳದಿ, ಏನೂ ಆಗದಿದ್ದರೆ ಕೆಂಪು.

ಯಂತ್ರದ ಜೀವಾಳವೆಂದರೆ ಹಿಂದೆಗೆತ ಸೂತ್ರ. ಮಗುವಿಗೆ ವಿಷಯ ತಿಳಿಯುತ್ತ ಹೋದಂತೆ ದನಿ ಹಿಂದೆ ಸರಿಯಬೇಕು. ಪೂರಾ ತಿಳಿದ ಮೇಲೆ ಸುಮ್ಮನಾಗಬೇಕು. ಕಲಿತ ಮಗುವನ್ನು ಅದರ ಪಾಡಿಗೆ ಯೋಚಿಸಲು ಬಿಡುವುದೇ ಒಳ್ಳೆಯ ಮೇಷ್ಟರ ಲಕ್ಷಣ ಎಂದು ಇದನ್ನು ರೂಪಿಸಿದ ಡಾಕ್ಟರ್ ಸುಧನ್ವ ತರಬೇತಿಯಲ್ಲಿ ಹೇಳಿದ್ದರು. ಆ ಮಾತು ತರಗತಿಯ ಶಿಕ್ಷಕಿ ಕೋಮಲಾ ಮಿಸ್‌ಗೆ ಬಹಳ ಹಿಡಿಸಿತ್ತು.

ಸುಳ್ಳು ಯಾಕೆ ಹೇಳಬೇಕು, ಯಂತ್ರದಿಂದ ಒಳ್ಳೆಯದೇ ಆಗಿತ್ತು. ಮೂರು ವರ್ಷದಿಂದ ಕಳೆಯುವ ಲೆಕ್ಕಕ್ಕೆ ಕೈಕಾಲು ಬಿಡುತ್ತಿದ್ದ ಹುಡುಗ ಈಗ ಭಾಗಾಕಾರ ಮಾಡುತ್ತಿದ್ದ. ತೊದಲುವ ಮಗುವೊಂದು ಯಾರ ಮುಂದೆಯೂ ಎದ್ದು ನಿಲ್ಲದೆ ಓದು ಕಲಿತಿತ್ತು. ಕೋಮಲಾ ಮಿಸ್ ಇಪ್ಪತ್ತಾರು ವರ್ಷ ಗಂಟಲು ಹರಿದುಕೊಂಡರೂ ಆಗದಿದ್ದದ್ದು ಎಂಟು ತಿಂಗಳಲ್ಲಿ ಆಗಿತ್ತು. ಹೋಗಿದ್ದು ಒಂದೇ. ಮೊದಲೆಲ್ಲ ಕೊನೆಯ ಪಿರಿಯಡ್ಡಿನಲ್ಲಿ ಮಕ್ಕಳು ಕೈಕಟ್ಟಿ ನಿಂತು ಮಗ್ಗಿ ಹೇಳುತ್ತಿದ್ದರು, ಊರ ಬಾಗಿಲಿನ ತನಕ ಕೇಳಿಸುತ್ತಿತ್ತು. ಈಗ ಅದು ಬೇಕಾಗಿರಲಿಲ್ಲ. ನಾನೀಗ ಟೀಚರ್ ಅಲ್ಲ, ದೀಪ ನೋಡಿಕೊಳ್ಳೋಳು ಅಂತ ಅವರು ಸ್ಟಾಫ್ ರೂಮಿನಲ್ಲಿ ತಮಾಷೆ ಮಾಡುತ್ತಿದ್ದರು. 

ಆ ದಿನ ಮೂವತ್ತು ದೀಪಗಳಲ್ಲಿ ಹೆಚ್ಚಿನವು ನೀಲಿ, ಕೆಲವು ಹಳದಿ. ಕಿಟಕಿ ಪಕ್ಕದ ಮೊದಲನೆಯ ಬೆಂಚಿನಲ್ಲಿ ಒಂದೇ ಒಂದು ಕೆಂಪು. ಅದು ಸಿಂಚನಳದು.

ಸಿಂಚನ ತರಗತಿಯಲ್ಲಿ ಎಲ್ಲರಿಗಿಂತ ಚುರುಕು. ಅವಳ ತಾಯಿ ಸಣ್ಣತಾಯಮ್ಮ ಅದೇ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಕಳೆದ ಜೂನಿನಲ್ಲಿ ಮನೆಯವರ ದನಿ ಹಿಡಿಯುವ ದಿನ ಆಕೆ ಸಾರಿಗೆ ಒಗ್ಗರಣೆ ಹಾಕಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಓಡಿ ಬಂದಿದ್ದಳು. ಓದಲು ಬಾರದು. ಹಾಗಾಗಿ ಕೋಮಲಾ ಮಿಸ್ ಒಂದೊಂದೇ ವಾಕ್ಯ ಹೇಳುವುದು, ಆಕೆ ಅದನ್ನು ತಿರುಗಿ ಹೇಳುವುದು. ಭೂಮಿಯು ಸೂರ್ಯನ ಸುತ್ತ ತಿರುಗುತ್ತದೆ ಎಂಬಲ್ಲಿಗೆ ಬಂದಾಗ ಸಣ್ಣತಾಯಮ್ಮ ಧೈರ್ಯವಾಗಿ, ಸೂರ್ಯನು ಭೂಮಿಯ ಸುತ್ತ ತಿರುಗುತ್ತದೆ ಎಂದುಬಿಟ್ಟಳು. ಬಾಗಿಲಲ್ಲಿ ಗುಂಪುಗೂಡಿದ್ದ ಮಕ್ಕಳು ಗೊಳ್ಳೆಂದು ನಕ್ಕವು. ಪಕ್ಕದಲ್ಲೇ ಕೂತಿದ್ದ ಸಿಂಚನಳೂ ನಕ್ಕು, ಉಲ್ಟಾ ಹೇಳಿದೆ ಕಣವ್ವ ಎಂದಳು.

ಸಣ್ಣತಾಯಮ್ಮನಿಗೆ ನಾಚಿಕೆಯಾಯಿತು. ಆದರೂ ಬಂದ ನಗೆಯನ್ನು ಅರ್ಧಕ್ಕೇ ನುಂಗಿಕೊಂಡು ಮಗಳ ಕಡೆ ತಿರುಗಿದಳು.

"ಇರ್ಲಿ ಬುಡು ಮಗ, ಇನ್ನೊಂದ್ ಕಿತ ಯೋಳ್ತೀನಿ."

ತಪ್ಪಿದ ಜಾಗವನ್ನು ಅಳಿಸಿ ಮತ್ತೆ ಹಿಡಿಯಬೇಕೆಂದು ನಿಯಮವಿತ್ತು. ಅಷ್ಟರಲ್ಲಿ ಊಟದ ಗಂಟೆಗೆ ಹೊತ್ತಾಗಿತ್ತು, ಅನ್ನ ಬಸಿಯಲು ಆಕೆಯೇ ಹೋಗಬೇಕಿತ್ತು. ಏನಾಗುತ್ತೆ ಬಿಡು ಅಂತ ಕೋಮಲಾ ಮಿಸ್ ಹಾಗೆಯೇ ಕಳಿಸಿಬಿಟ್ಟರು. ಯಂತ್ರಕ್ಕೆ ಆ ಮಾತು ಇಷ್ಟವಾಯಿತೋ ಏನೋ. ಮಗು ತಪ್ಪಿದಾಗ ಸಮಾಧಾನ ಹೇಳಲು ಸಣ್ಣತಾಯಮ್ಮನ ಬಾಯಲ್ಲಿ ಸಿಕ್ಕ ಮಾತು ಅದೊಂದೇ ಎಂದು ಅದನ್ನೇ ಇಟ್ಟುಕೊಂಡಿತು.

ಆಕೆಗೆ ಒಂದೇ ಆಸೆಯಿತ್ತು. ಐದನೆಯ ತರಗತಿಯವರು ಪರೀಕ್ಷೆ ಬರೆದರೆ ಜಿಲ್ಲಾ ಕೇಂದ್ರದ ವಸತಿ ಶಾಲೆಗೆ ಸೇರಬಹುದು. ಅಲ್ಲಿ ಹನ್ನೆರಡನೆಯ ತರಗತಿಯವರೆಗೆ ಓದು. ನನ್ ಮಗ್ಳು ಆ ಇಸ್ಕೂಲು ಸೇರ್ಕಂಬುಟ್ರೆ ಸಾಕು ಕನಮ್ಮ ಅಂತ ಅನ್ನ ಬಡಿಸುತ್ತ ಬಡಿಸುತ್ತ ಎಷ್ಟು ಸಲ ಹೇಳಿದ್ದಳೋ. ನವೆಂಬರಿನಲ್ಲಿ ಜ್ವರ ಬಂತು. ಡೆಂಗ್ಯೂ ಎಂದು ತಿಳಿಯುವಷ್ಟರಲ್ಲಿ ಮೂರು ದಿನ ಕಳೆದಿತ್ತು, ನಾಲ್ಕನೆಯ ದಿನ ಹೋಗಿಬಿಟ್ಟಳು.

ತಿಥಿ ಮುಗಿಸಿಕೊಂಡು ಹನ್ನೆರಡನೆಯ ದಿನ ಸಿಂಚನ ಶಾಲೆಗೆ ಬಂದಳು. ದನಿ ಕೊಟ್ಟವರು ತೀರಿಕೊಂಡರೆ ತಿಂಗಳೊಳಗೆ ಫಾರಂ ತುಂಬಿ ಕಳಿಸಬೇಕು, ಬೇರೆಯವರ ದನಿ ಹಾಕಿಸಬೇಕು ಎಂಬುದು ಕಡ್ಡಾಯ. ಕೋಮಲಾ ಮಿಸ್ ಫಾರಂ ತೆಗೆದಿಟ್ಟುಕೊಂಡೇ ಅವಳನ್ನು ಕರೆದು, ಅಪ್ಪನ ದನಿ ಹಾಕಿಸೋಣವಾ ಅಂತ ಕೇಳಿದರು. ಹುಡುಗಿ ನೆಲ ನೋಡುತ್ತ ನಿಂತಳು.

"ಬ್ಯಾಡಿ ಮಿಸ್. ಅವ್ವನೇ ಇರ್ಲಿ."

ಹತ್ತು ವರ್ಷದ ಕೂಸಿಗೆ ಆಗಲ್ಲ ಅನ್ನಲು ಯಾರಿಗೆ ಬಾಯಿ ಬರುತ್ತದೆ? ಫಾರಂ ಮೇಜಿನ ಡ್ರಾಯರಿಗೆ ಹೋಯಿತು.

ಜನವರಿ ಬರುವ ಹೊತ್ತಿಗೆ ಸಿಂಚನಳ ದೀಪ ಹಳದಿಗಿಳಿಯಿತು, ಸಂಕ್ರಾಂತಿ ಕಳೆದ ಮೇಲೆ ಕೆಂಪು. ಭಿನ್ನರಾಶಿ ಹೋಗಲಿ, ಎರಡಂಕಿಯ ಕೂಡುವ ಲೆಕ್ಕವೂ ತಪ್ಪು. ದುಃಖಕ್ಕೆ ಹೀಗಾಗಿದೆ, ಸರಿಹೋಗುತ್ತದೆ ಎಂದು ಕೋಮಲಾ ಮಿಸ್ ಕಾದರು. ಫೆಬ್ರವರಿ ಮೊದಲ ವಾರ ಆಪ್ತದನಿಯ ಕೇಂದ್ರದಿಂದ ಎಚ್ಚರಿಕೆಯೇ ಬಂತು. ತಿಂಗಳ ಕೊನೆಗೆ ಸೂಚ್ಯಂಕ ಅರವತ್ತು ದಾಟದಿದ್ದರೆ ಈ ವಿದ್ಯಾರ್ಥಿನಿ ವಸತಿ ಶಾಲೆಯ ಪರೀಕ್ಷೆಗೆ ಕೂರುವಂತಿಲ್ಲ. ಅಂದು ಅವಳ ಸೂಚ್ಯಂಕ ಹತ್ತೊಂಬತ್ತು. ಕೋಮಲಾ ಮಿಸ್ ಅದನ್ನು ಎರಡು ಸಲ ಓದಿದರು. ನಾಚಿಕೆ ಬಿಟ್ಟು ಡಾಕ್ಟರ್ ಸುಧನ್ವರಿಗೇ ಪತ್ರ ಬರೆದರು.

ಸುಧನ್ವ ಬಂದರು. ದೊಡ್ಡವರೆಂಬ ಬಿಗುಮಾನ ಇಲ್ಲದ ಮನುಷ್ಯ. ಮಕ್ಕಳ ಜೊತೆ ಸಾಲಿನಲ್ಲಿ ಕೂತು ಊಟ ಮಾಡಿದರು, ಎರಡು ಸಲ ಸಾರು ಹಾಕಿಸಿಕೊಂಡರು. ಆಮೇಲೆ ಮುಖ್ಯ ಶಿಕ್ಷಕರ ಕೋಣೆಯಲ್ಲಿ ಸಿಂಚನಳ ಹಲಗೆಯ ದಾಖಲೆ ತೆರೆದು ಕೂತರು. ಅರ್ಧ ಗಂಟೆಯಾದರೂ ತಲೆ ಎತ್ತಲಿಲ್ಲ. ಕೋಮಲಾ ಮಿಸ್ ತಡೆಯಲಾರದೆ, ಯಂತ್ರ ಕೆಟ್ಟಿದೆಯಾ ಸರ್ ಎಂದು ಕೇಳಿದರು.

"ಯಂತ್ರ ಚೆನ್ನಾಗಿದೆ. ಮಗುವೂ ಏನನ್ನೂ ಮರೆತಿಲ್ಲ ಮೇಡಂ," ಎಂದರು ಸುಧನ್ವ. "ಗೊತ್ತಿದ್ದೇ ತಪ್ಪು ಬರೀತಿದ್ದಾಳೆ."

ಅವರು ವಿವರಿಸಿದರು. ಸರಿಯುತ್ತರ ಹೊಳೆದ ಕ್ಷಣ ಕಣ್ಣಪಾಪೆ ಒಂದಿಷ್ಟು ಅರಳುತ್ತದೆ, ಅದು ಯಾರ ಕೈಯಲ್ಲೂ ತಡೆಯಲಾಗದ್ದು. ಸಿಂಚನಳ ಕಣ್ಣು ಪ್ರತಿ ಪ್ರಶ್ನೆಗೂ ಅರಳಿದೆ. ಬೆರಳು ಸರಿಯುತ್ತರದ ಮೇಲೆ ಹೋಗಿದೆ, ಅಲ್ಲಿಂದ ಸರಿದು ತಪ್ಪನ್ನು ಮುಟ್ಟಿದೆ. ನವೆಂಬರಿಗೆ ಮುಂಚೆ ಅವಳ ಕಿವಿಯಲ್ಲಿ ದನಿ ಆಡುತ್ತಿದ್ದುದು ದಿನಕ್ಕೆ ಹನ್ನೊಂದು ನಿಮಿಷ. ಬೇಗ ಬೇಗ ತಿಳಿಯುತ್ತಿತ್ತು, ದನಿ ಹಿಂದೆ ಸರಿಯುತ್ತಿತ್ತು. ಈಗ ದಿನಕ್ಕೆ ನಾಲ್ಕು ಗಂಟೆ. ಸೂಚ್ಯಂಕದಲ್ಲಿ ಉತ್ತರಕ್ಕೇ ಹೆಚ್ಚು ತೂಕ, ಹಾಗಾಗಿ ದೋಷ ಹುಡುಕುವ ನಮ್ಮ ತಂತ್ರಾಂಶ ಇದನ್ನು ಬರೀ ತಪ್ಪುತ್ತರ ಅಂದುಕೊಂಡುಬಿಟ್ಟಿತು ಎಂದು ಹೇಳಿ ಅವರು ಕನ್ನಡಕ ತೆಗೆದು ಒರೆಸಿಕೊಂಡರು.

ಕೋಮಲಾ ಮಿಸ್ ಅಡುಗೆಮನೆಯ ಕಡೆ ಹೋದರು. ಊಟವಾದ ಮೇಲೆ ಸಿಂಚನ ಅಲ್ಲೇ ಇರುತ್ತಾಳೆ, ಅಕ್ಕಿ ಡ್ರಮ್ಮಿನ ಪಕ್ಕ, ಅವಳವ್ವ ಕೂರುತ್ತಿದ್ದ ಮಣೆಯ ಮೇಲೆ. ಅವರು ಬೈಯಲಿಲ್ಲ. ಪಕ್ಕದಲ್ಲೇ ನೆಲದ ಮೇಲೆ ಕೂತು, ಗೊತ್ತಿದ್ದೂ ಯಾಕೆ ತಪ್ಪು ಮಾಡ್ತೀಯ ಪುಟ್ಟ ಅಂತ ಕೇಳಿದರು. ಹುಡುಗಿ ಬಹಳ ಹೊತ್ತು ಉಗುರು ಕಚ್ಚಿದಳು.

"ಸರಿ ಬರುದ್ರೆ ಅವ್ವ ಮಾತಾಡದಿಲ್ಲ ಮಿಸ್."

 ಅದು ಯಂತ್ರ ಕಣೇ ಅಂದರು ಕೋಮಲಾ ಮಿಸ್. ಅಂದ ಮೇಲೆ ಯಾಕಾದರೂ ಅಂದೆನೋ ಅನ್ನಿಸಿತು.

"ಗೊತ್ತು ಮಿಸ್. ನಮ್ಮವ್ವಂಗೆ ಗಡಿಯಾರ ನೋಡಕ್ಕೂ ಬತ್ತಿರ್ನಿಲ್ಲ. ಅದು ಆಫ್ರಿಕಾ ಎಲ್ಲದೆ ಅಂತೆಲ್ಲ ಯೋಳ್ತದೆ. ಅದು ನಮ್ಮವ್ವ ಅಲ್ಲ." ಸಿಂಚನ ಮೂಗೊರೆಸಿಕೊಂಡಳು. "ನಾನ್ ತಪ್ ಮಾಡ್ದಾಗ ಇನ್ನೊಂದ್ ಕಿತ ಯೋಳ್ತೀನಿ ಅಂತದಲ್ಲ, ಅದು ಮಾತ್ರ ನಮ್ಮವ್ವ. ಅವತ್ತು ಎಲ್ರೂ ನಗ್ವಾಗ ನಾನೂ ನಗ್ಬುಟ್ಟೆ ಮಿಸ್. ಈಗ ನಾನ್ ಎಷ್ಟ್ ತಪ್ ಮಾಡುದ್ರೂ ಅವ್ವ ನಗದೇ ಇಲ್ಲ."

ಇಪ್ಪತ್ತಾರು ವರ್ಷ ಮಕ್ಕಳ ನಡುವೆ ಕಳೆದ ಹೆಂಗಸು. ಆದರೆ ಅವತ್ತು ಆ ಮಗುವನ್ನು ಮಡಿಲಿಗೆಳೆದುಕೊಂಡು ಅವಳಿಗಿಂತ ಹೆಚ್ಚಾಗಿ ಅತ್ತರು. ಪಾತ್ರೆ ತೊಳೆಯುತ್ತಿದ್ದ ಹೊಸ ಅಡುಗೆಯವಳು ನಲ್ಲಿ ನಿಲ್ಲಿಸಿ, ಸದ್ದಿಲ್ಲದೆ ಹೊರಗೆ ಹೋದಳು.

ಸುಧನ್ವ ತಮ್ಮ ಕೈಲಾದ್ದು ಮಾಡಿದರು. ಸಿಂಚನಳ ಮಟ್ಟಿಗೆ ಹಿಂದೆಗೆತ ಸೂತ್ರವನ್ನು ತೆಗೆದುಹಾಕಿ, ಸರಿ ಬರೆದರೂ ದನಿ ಮಾತಾಡುವಂತೆ ಬದಲಿಸಿದರು. ಸಿಂಚನ ಒಂದು ಲೆಕ್ಕ ಸರಿ ಮಾಡಿದಳು. ಕಿವಿಯಲ್ಲಿ ಸಣ್ಣತಾಯಮ್ಮನ ದನಿ, ಭೇಷ್ ಸಿಂಚನ, ಅತ್ಯುತ್ತಮ ಪ್ರಯತ್ನ ಎಂದಿತು. ಹುಡುಗಿ ಚೇಳು ಕುಟುಕಿದವಳಂತೆ ಕಿವಿಗುಂಡಿ ಕಿತ್ತು ಡೆಸ್ಕಿನ ಮೇಲಿಟ್ಟಳು. ನಮ್ಮವ್ವ ಹಿಂಗೆಲ್ಲ ಅನ್ನಲ್ಲ ಎಂದಳು.

ಹಾಗಾದರೆ ಆ ಒಂದು ಮಾತನ್ನಾದರೂ ಕತ್ತರಿಸಿ ಮಗುವಿನ ಕೈಗೆ ಕೊಡಿ ಎಂದು ಕೋಮಲಾ ಮಿಸ್ ಬೇಡಿಕೊಂಡರು. ಜೂನಿನಲ್ಲಿ ಹಿಡಿದದ್ದು ಎಲ್ಲೋ ಇರಬೇಕಲ್ಲ? ಸುಧನ್ವ ತಲೆ ಅಲ್ಲಾಡಿಸಿದರು. ಜನರ ದನಿ ದುರುಪಯೋಗವಾಗಬಾರದೆಂದು ಯಂತ್ರ ಕಲಿತ ಒಂದು ತಿಂಗಳಿಗೆ ಮೂಲವನ್ನು ಅಳಿಸಿಬಿಡುತ್ತಾರೆ. ಉಳಿಯುವುದು ದನಿಯಲ್ಲ, ದನಿ ಹೇಗಿತ್ತೆಂದು ಹೇಳುವ ಅಂಕಿಗಳು. ಇನ್ನೊಂದ್ ಕಿತ ಎಂಬ ಮಾತನ್ನೂ ಯಂತ್ರ ಪ್ರತಿ ಸಲ ಹೊಸದಾಗಿ ಕಟ್ಟಿ ಹೇಳುತ್ತದೆ. ಕೋಮಲಾ ಮಿಸ್ ಕಿವಿಗುಂಡಿ ಹಾಕಿಕೊಂಡು, ಬೇಕೆಂದೇ ಒಂದು ತಪ್ಪು ಒತ್ತಿ ಕೇಳಿಸಿಕೊಂಡರು. ಸಣ್ಣತಾಯಮ್ಮನದೇ ದನಿ, ಅದೇ ಮಾತು. ಆದರೆ ಆಕೆ ಅರ್ಧಕ್ಕೆ ನುಂಗಿದ ಆ ನಗೆ ಇರಲಿಲ್ಲ. ಗದ್ದಲವೆಂದು ತಿಳಿದು ಯಂತ್ರ ಅದನ್ನು ಸೋಸಿಬಿಟ್ಟಿತ್ತು. ಈ ಸಂಗತಿಯನ್ನು ಅವರು ಸಿಂಚನಳಿಗೆ ಎಂದೂ ಹೇಳಲಿಲ್ಲ.

ಹೊರಡುವ ಮುನ್ನ ಸುಧನ್ವ ಇನ್ನೊಂದು ಕೆಲಸ ಮಾಡಿದರು. ಗೊತ್ತಿದ್ದೂ ತಪ್ಪು ಬರೆಯುವವರು ಬೇರೆ ಕಡೆಯೂ ಇದ್ದಾರೆಯೇ ನೋಡೋಣವೆಂದು ರಾಜ್ಯದ ಎಲ್ಲ ಹಲಗೆಗಳ ದಾಖಲೆಯನ್ನೂ ಅದೇ ಜರಡಿಯಲ್ಲಿ ಸೋಸಲು ಕೇಂದ್ರಕ್ಕೆ ಹೇಳಿದರು. ಕಾಫಿ ಕುಡಿಯುವಷ್ಟರಲ್ಲಿ ಉತ್ತರ ಬಂತು. ಆರು ಸಾವಿರಕ್ಕೂ ಮೀರಿ ಮಕ್ಕಳು. ಈ ತರಗತಿಯಲ್ಲೇ ಇನ್ನೂ ನಾಲ್ವರು.

"ಅವರೆಲ್ಲರ ತಾಯಂದಿರೂ ಹೋಗಿಬಿಟ್ಟಿದ್ದಾರಾ ಸರ್?"

"ಇಲ್ಲ ಮೇಡಂ. ಹೆಚ್ಚು ಕಡಿಮೆ ಎಲ್ಲರೂ ಇದ್ದಾರೆ. ಬೆಳಿಗ್ಗೆ ಗಾರ್ಮೆಂಟ್ಸ್ ಬಸ್ಸು ಹತ್ತುತ್ತಾರೆ, ಮಕ್ಕಳು ಮಲಗಿದ ಮೇಲೆ ಬರುತ್ತಾರೆ. ಡ್ರೈವರುಗಳಿದ್ದಾರೆ, ನರ್ಸುಗಳಿದ್ದಾರೆ." ಸುಧನ್ವ ಲೋಟ ಕೆಳಗಿಟ್ಟರು. "ಮಾತಾಡೋಕೆ ಪುರುಸೊತ್ತಿಲ್ಲದವರು."

ಕೋಮಲಾ ಮಿಸ್ ಸುಮ್ಮನೆ ಮಾತಿಗೆಂದು, ನಿಮಗೆ ಮಕ್ಕಳೆಷ್ಟು ಸರ್ ಎಂದು ಕೇಳಿದರು. ಒಬ್ಬಳೇ ಮಗಳು, ಆರನೆಯ ತರಗತಿ, ಇದೇ ಯಂತ್ರ. ದನಿ ಯಾರದ್ದು ಎಂದರೆ, ನನ್ನದೇ ಎಂದರು.  ಎಂದವರೇ ಕೇಂದ್ರದಿಂದ ಬಂದ ಮಕ್ಕಳ ಪಟ್ಟಿಯಲ್ಲಿ ಏನನ್ನೋ ಹುಡುಕಿದರು, ಫೋನು ತೆಗೆದುಕೊಂಡು ಕಿಟಕಿಯ ಬಳಿ ಹೋದರು. ಮಗಳು ಈಗ ಶಾಲೆಯಲ್ಲಿರುತ್ತಾಳೆಂದು ನೆನಪಾಗಿ ಫೋನನ್ನು ಮತ್ತೆ ಜೇಬಿಗೆ ಹಾಕಿಕೊಂಡರು. ಪಟ್ಟಿಯಲ್ಲಿ ಏನು ಕಂಡಿತೆಂದು ಕೋಮಲಾ ಮಿಸ್ ಕೇಳಲಿಲ್ಲ.

ಮರುದಿನ ಕೋಮಲಾ ಮಿಸ್ ಸಿಂಚನಳನ್ನು ಕೂರಿಸಿಕೊಂಡು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಪರೀಕ್ಷೆಯ ದಿನ ಕಿವಿಗುಂಡಿ ಹಾಕಿಕೊಳ್ಳಲು ಬಿಡುವುದಿಲ್ಲ. ಸೂಚ್ಯಂಕ ಏರದೆ ಪರೀಕ್ಷೆಯೂ ಇಲ್ಲ. ಅವ್ವನಿಗೆ ಆ ಶಾಲೆ ಎಷ್ಟು ಆಸೆಯಾಗಿತ್ತೆಂಬುದು ನಿನಗೂ ಗೊತ್ತು. ಫಾರಂ ನನ್ನ ಡ್ರಾಯರಿನಲ್ಲಿದೆ, ಅದನ್ನು ಕಳಿಸಿದ ದಿನ ಈ ದನಿ ಹೋಗುತ್ತದೆ. ನೀನು ಹೇಳುವ ತನಕ ಕಳಿಸುವುದಿಲ್ಲ, ನನ್ನ ಕೆಲಸ ಹೋದರೂ ಕಳಿಸುವುದಿಲ್ಲ. ಸಿಂಚನ ಎಲ್ಲವನ್ನೂ ಕೇಳಿಸಿಕೊಂಡು, ಹೂಂ ಎಂದಳು. ಮೂರು ದಿನ ದೀಪ ಕೆಂಪಾಗಿಯೇ ಇತ್ತು.

ನಾಲ್ಕನೆಯ ದಿನ ಗುರುವಾರ. ಸಿಂಚನ ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಎರಡು ಜಡೆ ಹಾಕಿಸಿಕೊಂಡು ಬಂದಿದ್ದಳು. ಕಿವಿಗುಂಡಿ ಅಂಟಿಸಿಕೊಂಡು ಮೊದಲ ಲೆಕ್ಕ ತಪ್ಪು ಮಾಡಿದಳು. ಕಣ್ಣು ಮುಚ್ಚಿ ಕೇಳಿದಳು. ಆಮೇಲೆ ಕಣ್ಣು ಬಿಟ್ಟು ಎರಡನೆಯದನ್ನು ಸರಿ ಮಾಡಿದಳು, ಮೂರನೆಯದನ್ನೂ ಸರಿ ಮಾಡಿದಳು. ಹತ್ತನೆಯದಕ್ಕೆ ದೀಪ ಹಳದಿಯಾಯಿತು. ಸುಧನ್ವ ಹೊರಡುವ ಮುಂಚೆಯೇ ಹಿಂದೆಗೆತ ಸೂತ್ರವನ್ನು ಮೊದಲಿನಂತೆ ಇಟ್ಟುಹೋಗಿದ್ದರು. ಹಾಗಾಗಿ ದನಿ ಒಂದೊಂದೇ ಮಾತು ಕಡಿಮೆ ಮಾಡುತ್ತ ಬರುತ್ತಿತ್ತು. ಅದು ಹುಡುಗಿಗೂ ಗೊತ್ತಿತ್ತು, ಗೋಡೆಗೊರಗಿ ನಿಂತಿದ್ದ ಮಿಸ್‌ಗೂ ಗೊತ್ತಿತ್ತು. ಕೆನ್ನೆಯ ಮೇಲೆ ನೀರು ಇಳಿಯುತ್ತಿದ್ದರೂ ಅವಳು ಬೆರಳು ನಿಲ್ಲಿಸಲಿಲ್ಲ. ನಲವತ್ತಕ್ಕೂ ಹೆಚ್ಚು ಲೆಕ್ಕ ಒಂದೇ ಸಮನೆ ಸರಿ ಮಾಡಿದಳು. ನೀಲಿ ದೀಪ ಹತ್ತಿಕೊಂಡ ಮೇಲೂ ಒಂದೆರಡು ಮಾಡಿದಳು, ಕೇಳಿಸುತ್ತದೇನೋ ಎಂದು ತಲೆ ವಾರೆ ಮಾಡಿ ಕಾದಳು.

ಮಧ್ಯಾಹ್ನ ಊಟದ ಗಂಟೆ ಹೊಡೆದಾಗ ಬಂದು ಕಿವಿಗುಂಡಿಯನ್ನು ಮಿಸ್ ಮೇಜಿನ ಮೇಲಿಟ್ಟಳು.

"ಅವ್ವ ಸುಮ್ಕಾಯ್ತು ಮಿಸ್. ಫಾರಂ ಕಳ್ಸಿ."

ಹೊಸ ದನಿ ಯಾರದ್ದು ಎಂಬ ಜಾಗದಲ್ಲಿ ಅವಳು ಯಾರ ಹೆಸರನ್ನೂ ಬರೆಸಲಿಲ್ಲ. ಹಾಗಾಗಿ ಕೋಮಲಾ ಮಿಸ್ ಮೂಲೆಗೆ ಸರಿಸಿದ್ದ ಕರಿಹಲಗೆಯ ಧೂಳು ಹೊಡೆದು, ಕೊನೆಯ ಪಿರಿಯಡ್ಡಿನಲ್ಲಿ ಅವಳೊಬ್ಬಳಿಗೇ ಸೀಮೆಸುಣ್ಣ ಹಿಡಿದು ಹೇಳಿಕೊಡತೊಡಗಿದರು. ಎರಡನೆಯ ದಿನ ಪಲ್ಲವಿ ಕಿವಿಗುಂಡಿ ತೆಗೆದಿಟ್ಟು ಬಂದು ಪಕ್ಕದಲ್ಲಿ ಕೂತಳು. ವಾರದೊಳಗೆ ಮೂವತ್ತೊಂದೂ ಮಕ್ಕಳು. ಬೇರೆ ಹೊತ್ತಿನಲ್ಲಿ ಯಂತ್ರ ಮೊದಲಿನ ಹಾಗೆಯೇ ನಡೆಯಿತು, ನಿಲ್ಲಿಸಲು ಕಾರಣವೂ ಇರಲಿಲ್ಲ. ಸಿಂಚನ ಹಲಗೆಯಲ್ಲಿ ದನಿಯಿಲ್ಲದೆಯೇ ಲೆಕ್ಕ ಮಾಡಿದಳು, ತಿಂಗಳ ಕೊನೆಗೆ ಅವಳ ಸೂಚ್ಯಂಕ ಅರವತ್ತೆಂಟು. ಮಾರ್ಚಿನಲ್ಲಿ ಪರೀಕ್ಷೆ ಬರೆದಳು, ಏಪ್ರಿಲ್ ಮೊದಲ ವಾರ ಫಲಿತಾಂಶ ಬಂತು. ವಸತಿ ಶಾಲೆಯ ಪಟ್ಟಿಯಲ್ಲಿ ಅವಳ ಹೆಸರು ನಾಲ್ಕನೆಯದು. ಅವಳಪ್ಪ ನಿಂಗರಾಜು ಒಂದು ಪೊಟ್ಟಣ ಸಿಹಿ ಹಿಡಿದು ಬಂದು, ಅಡುಗೆಮನೆಯ ಬಾಗಿಲಲ್ಲಿ ನಿಂತು, ಯಾರಿಗೆ ಮೊದಲು ಕೊಡಬೇಕೆಂದು ತಿಳಿಯದೆ ಹಾಗೆಯೇ ನಿಂತುಬಿಟ್ಟ.

ಬೇಸಿಗೆ ರಜೆಗೆ ಎರಡು ದಿನ ಉಳಿದಿತ್ತು. ಕೊನೆಯ ಪಿರಿಯಡ್ಡು. ಕೋಮಲಾ ಮಿಸ್‌ಗೆ ಅಂದು ಮೈ ಸರಿಯಿರಲಿಲ್ಲ, ಜೂನಿನಲ್ಲಿ ಮೊದಲನೆಯ ಬೆಂಚು ಖಾಲಿಯಾಗುತ್ತದೆಂಬುದು ಬೇರೆ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಕರಿಹಲಗೆಯ ಮೇಲೆ ಗುಣಾಕಾರ ಮಾಡುತ್ತ ಏಳೆಂಟಲ ಐವತ್ನಾಲ್ಕು ಎಂದು ದೊಡ್ಡದಾಗಿ ಬರೆದುಬಿಟ್ಟರು. ತರಗತಿ ಗೊಳ್ಳೆಂದು ನಕ್ಕಿತು. ಮಿಸ್ಸೇ ತಪ್ಪು, ಮಿಸ್ಸೇ ತಪ್ಪು ಎಂದು ಸುಹಾಸ ಬೆಂಚು ಬಡಿದ. ಮಿಸ್ ನಾಚಿಕೊಂಡು ಡಸ್ಟರಿಗಾಗಿ ತಡಕಾಡಿದರು.

ಸಿಂಚನಳಿಗೂ ನಗು ಬಂದಿತ್ತು. ಆದರೆ ಅವಳು ಅದನ್ನು ಅರ್ಧಕ್ಕೇ ನುಂಗಿಕೊಂಡಳು.

"ಇರ್ಲಿ ಬುಡಿ ಮಿಸ್, ಇನ್ನೊಂದ್ ಕಿತ ಮಾಡಿ."

ಕೋಮಲಾ ಮಿಸ್ ಡಸ್ಟರು ಹಿಡಿದು ನಿಂತುಬಿಟ್ಟರು. ಅದು ಸಣ್ಣತಾಯಮ್ಮನದೇ ಮಾತು, ಯಂತ್ರ ಸೋಸಿ ಬಿಸಾಡಿದ್ದ ಆ ನಗೆಯೂ ಅದರಲ್ಲಿತ್ತು. ತನ್ನ ಬಾಯಿಂದ ಏನು ಬಂತೆಂಬುದು ಹುಡುಗಿಗೆ ಗೊತ್ತೇ ಇರಲಿಲ್ಲ. ಅವಳು ಪೆನ್ಸಿಲ್ ಹಿಡಿದು, ಮಿಸ್ ಲೆಕ್ಕವನ್ನು ತಿದ್ದಲಿ ಎಂದು ಕಾಯುತ್ತಿದ್ದಳು.

ಮಕ್ಕಳಿಗೆ ಮುಖ ಕಾಣಬಾರದೆಂದು ಅವರು ಕರಿಹಲಗೆಯ ಕಡೆ ತಿರುಗಿಕೊಂಡರು. ತಪ್ಪನ್ನು ಅಳಿಸಿದರು. ಏಳೆಂಟಲ ಎಷ್ಟೆಂದು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಹಿಂದಿನಿಂದ ಮೂವತ್ತೊಂದು ಮಕ್ಕಳು ಒಂದೇ ದನಿಯಲ್ಲಿ ಹೇಳಿಕೊಟ್ಟವು.